ಎಳೆದು ಸುತ್ತುವ ಹಾಳೆ

ಹೋದ ವರ್ಷದ ಜೂನ್ ತಿಂಗಳಲ್ಲಿ, ಮಳೆ ಹಿಡಿದುಕೊಂಡಿದ್ದ ಒಂದು ಬೆಳಗ್ಗೆ, ನಮ್ಮ ಪ್ರೌಢಶಾಲೆಯ ಬಾಗಿಲಿಗೆ ಪಠ್ಯಪುಸ್ತಕಗಳ ಲಾರಿ ಬಂದು ನಿಂತಿತು. ಮೇಲೆ ಹೊದಿಸಿದ್ದ ತಾಡಪಾಲು ಒಂದು ಮೂಲೆಯಲ್ಲಿ ಹರಿದು ಜೋಲುತ್ತಿತ್ತು. ಅದನ್ನು ಕಂಡ ಕೂಡಲೇ ನನ್ನ ಎದೆ ಧಸಕ್ಕೆಂದಿತು.

ಹಾಗಾಗುವುದಕ್ಕೆ ಕಾರಣವಿದೆ. 25 ವರ್ಷಗಳ ಹಿಂದೆ, ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಇಂಥದೇ ಹರಿದ ತಾಡಪಾಲಿನ ಕೆಳಗೆ ಬಂದ ಪುಸ್ತಕಗಳನ್ನು ಇಳಿಸಿಕೊಂಡಿದ್ದೆ. ಆಗ ಪುಸ್ತಕದ ಕಟ್ಟುಗಳಿಗೆ ಒಂದು ಸುತ್ತು ಕಂದು ಕಾಗದ, ಅದರ ಮೇಲೊಂದು ಸುತಳಿ, ಇಷ್ಟೇ ರಕ್ಷೆ. ಒಂಬತ್ತನೆಯ ತರಗತಿಯ ಕನ್ನಡ ಪುಸ್ತಕಗಳ ಕಟ್ಟು ಪೂರಾ ನೆನೆದು ಹಿಟ್ಟಿನ ಮುದ್ದೆಯಂತಾಗಿತ್ತು. ಹಗ್ಗ ಕಟ್ಟಿ ಬಟ್ಟೆ ಒಣಗಿಸುವಂತೆ ಒಣಗಿಸಿದೆವು. ಇಸ್ತ್ರಿಪೆಟ್ಟಿಗೆ ತರಿಸಿ ಒಂದೊಂದು ಹಾಳೆಯನ್ನೂ ಉಜ್ಜಿದೆವು. ಆದರೂ ಹಳಗನ್ನಡ ಪದ್ಯಗಳಿದ್ದ ಪುಟಗಳು ಒಂದಕ್ಕೊಂದು ಕಚ್ಚಿಕೊಂಡು ಬಿಡಲೇ ಇಲ್ಲ. ಆ ವರ್ಷದ ಮಕ್ಕಳು ಆ ಪದ್ಯಗಳನ್ನು ನನ್ನ ಬಾಯಿಂದ ಕೇಳಿ ನೋಟುಪುಸ್ತಕದಲ್ಲಿ ಬರೆದುಕೊಂಡರು. ಬೇರೆ ಪ್ರತಿಗಳನ್ನು ಕೊಂಡುಕೊಳ್ಳುವ ಅನುಕೂಲ ಅವರಲ್ಲಿ ಹೆಚ್ಚಿನವರ ಮನೆಯಲ್ಲಿರಲಿಲ್ಲ.

ಹೋದ ವರ್ಷ ಅಂಥದೇನೂ ಆಗಲಿಲ್ಲ. ಕಟ್ಟುಗಳ ಮೇಲೆ ಗಾಜಿನಂತೆ ಹೊಳೆಯುವ ತೆಳುವಾದ ಹಾಳೆಯೊಂದು ನಾಲ್ಕಾರು ಸುತ್ತು ಬಿಗಿದಿತ್ತು. ಮಳೆಯ ಹನಿಗಳು ಕೆಸುವಿನ ಎಲೆಯ ಮೇಲಿನಂತೆ ಉರುಳಿ ಜಾರಿ ಹೋಗಿದ್ದವು. ಒಳಗಿನ ಪುಸ್ತಕ ಬೆಚ್ಚಗಿತ್ತು. ಹೊಸ ಶಾಯಿಯ ವಾಸನೆ ಹಾಗೆಯೇ ಇತ್ತು. ನನಗಾದ ಸಂತೋಷವನ್ನು ಹೇಳತೀರದು. ಎಲ್ಲ ಕಟ್ಟುಗಳನ್ನೂ ಬಿಚ್ಚಿದ ಮೇಲೆ ನಮ್ಮ ಶಾಲೆಯ ಜವಾನ, ತೋಳಿನ ತುಂಬ ಆ ಹಾಳೆಗಳನ್ನು ಅಪ್ಪಿಕೊಂಡು ಬಂದು, "ಮೇಷ್ಟ್ರೆ, ಇದನ್ನು ಎಲ್ಲಿಗೆ ಹಾಕಲಿ?" ಎಂದ. ನನಗೆ ಉತ್ತರ ತಿಳಿಯಲಿಲ್ಲ. "ಸದ್ಯಕ್ಕೆ ಮೂಲೆಯಲ್ಲಿಡಪ್ಪ" ಎಂದೆ.

ನನ್ನ ಮಕ್ಕಳ ಪುಸ್ತಕಗಳನ್ನು ಉಳಿಸಿದ ವಸ್ತು ಯಾವುದು, ಎಲ್ಲಿಂದ ಬಂತು ಎಂಬುದು ನನಗೆ ಗೊತ್ತಿರಲಿಲ್ಲ. ನಾನು ಕನ್ನಡ ಪಂಡಿತ. ರಸಾಯನಶಾಸ್ತ್ರ ನನ್ನ ವಿಷಯವಲ್ಲ. ಶಾಲೆಯ ವಿಜ್ಞಾನದ ಉಪಾಧ್ಯಾಯರನ್ನು ಕಾಡಿ, ಸಿಕ್ಕಿದ ಪುಸ್ತಕಗಳನ್ನು ಓದಿ ತಿಳಿದುಕೊಂಡದ್ದನ್ನು ವಾಚಕರ ಮುಂದಿಡುತ್ತಿದ್ದೇನೆ. ಪೇಟೆಯಲ್ಲಿ ಇದನ್ನು ಸ್ಟ್ರೆಚ್ ಫಿಲ್ಮ್ ಎನ್ನುತ್ತಾರೆ. ಎಳೆದರೆ ಹಿಗ್ಗುವ, ಹಿಗ್ಗಿದ್ದು ಮತ್ತೆ ಕುಗ್ಗಲು ಹವಣಿಸುವ ಹಾಳೆ ಎಂದು ಅರ್ಥ. ಈ ಹವಣಿಕೆಯೇ ಅದರ ಗುಣ. ಅದರ ಕಥೆಯೂ ಅದೇ.

ವಸ್ತುಗಳನ್ನು ಕಟ್ಟುವ ವಿದ್ಯೆ ನಮಗೆ ಹೊಸದಲ್ಲ. ನನ್ನ ಸೋದರಮಾವನ ದಿನಸಿ ಅಂಗಡಿಯಲ್ಲಿ ಸೂರಿನಿಂದ ಒಂದು ದಾರದ ಉಂಡೆ ತೂಗುಬಿದ್ದಿರುತ್ತಿತ್ತು. ಮಾವ ಹಳೆಯ ವೃತ್ತಪತ್ರಿಕೆಯ ಮೇಲೆ ತೊಗರಿಬೇಳೆ ಸುರಿದು, ನಾಲ್ಕು ಮಡಿಕೆ ಮಡಿಸಿ, ದಾರವನ್ನು ಎಳೆದು, ಕಣ್ಣು ಮಿಟುಕಿಸುವಷ್ಟರಲ್ಲಿ ಪೊಟ್ಟಣ ಕಟ್ಟಿಬಿಡುತ್ತಿದ್ದರು. ಮಲ್ಲಿಗೆಯ ಮೊಗ್ಗಿಗೆ ಬಾಳೆಯ ಎಲೆ, ಬಾಳೆಯ ನಾರು. ಭತ್ತಕ್ಕೆ ಗೋಣಿ, ಗೋಣಿಗೆ ದಬ್ಬಳ ಮತ್ತು ಹುರಿ. ಪೊಟ್ಟಣದ ದಾರವನ್ನು ನಮ್ಮಜ್ಜಿ ಬಿಸಾಡಗೊಡುತ್ತಿರಲಿಲ್ಲ. ಗಂಟು ಬಿಡಿಸಿ ಒಂದು ಕಡ್ಡಿಗೆ ಸುತ್ತಿಡುತ್ತಿದ್ದರು. ಈ ಕಟ್ಟುಗಳಿಗೆಲ್ಲ ಇದ್ದ ಕೊರತೆ ಎರಡು. ಒಳಗಿರುವುದು ಕಾಣದು, ನೀರು ಬಿದ್ದರೆ ತಡೆಯದು. ಪಾಶ್ಚಾತ್ಯ ದೇಶಗಳ ಅಂಗಡಿಗಳಲ್ಲೂ 100 ವರ್ಷಗಳ ಹಿಂದಿನವರೆಗೆ ಪರಿಸ್ಥಿತಿ ಇದಕ್ಕಿಂತ ಬಹಳ ಬೇರೆಯಾಗಿರಲಿಲ್ಲ.

ಮೊದಲನೆಯ ಕೊರತೆಯನ್ನು ನೀಗಿದವನು ಜಾಕ್ ಬ್ರಾಂಡೆನ್‌ಬರ್ಗರ್ ಎಂಬ ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞ. ಫ್ರಾನ್ಸಿನ ಬಟ್ಟೆಯ ಕಾರ್ಖಾನೆಯಲ್ಲಿ ಅವನಿಗೆ ಕೆಲಸ. ಒಂದು ದಿನ ಊಟದ ಮನೆಯಲ್ಲಿ ಯಾರೋ ಮೇಜಿನ ಬಟ್ಟೆಯ ಮೇಲೆ ದ್ರಾಕ್ಷಾಮದ್ಯ ಚೆಲ್ಲಿದುದನ್ನೂ, ಪರಿಚಾರಕ ಬಟ್ಟೆಯನ್ನೇ ಬದಲಾಯಿಸಬೇಕಾಗಿ ಬಂದುದನ್ನೂ ಅವನು ಕಂಡನೆಂದೂ, ಕಲೆ ಹಿಡಿಯದ ಬಟ್ಟೆಯನ್ನು ಮಾಡಬೇಕೆಂದು ಅಲ್ಲಿಯೇ ಸಂಕಲ್ಪಿಸಿದನೆಂದೂ ಕಥೆಯಿದೆ. ಮರದ ತಿರುಳನ್ನು ಕ್ಷಾರದಲ್ಲಿ ಕರಗಿಸಿದ ವಿಸ್ಕೋಸ್ ಎಂಬ ದ್ರವವನ್ನು ಅವನು ಬಟ್ಟೆಗೆ ಬಳಿದ. ಬಟ್ಟೆ ಬಿರುಸಾಯಿತೇ ಹೊರತು ಉಪಯೋಗಕ್ಕೆ ಬರಲಿಲ್ಲ. ಆದರೆ ಬಳಿದ ಲೇಪ ಮಾತ್ರ ಹಾವಿನ ಪೊರೆಯಂತೆ ಇಡಿಯಾಗಿ ಕಳಚಿ ಬಂತು, ಪಾರದರ್ಶಕವಾಗಿತ್ತು. ಬಟ್ಟೆಯನ್ನು ಬಿಟ್ಟು ಪೊರೆಯನ್ನು ಹಿಡಿದದ್ದು ಅವನ ಜಾಣತನ. 1908ರ ಹೊತ್ತಿಗೆ ಅದನ್ನು ತಯಾರಿಸುವ ಯಂತ್ರವನ್ನು ಕಟ್ಟಿದ. ಸೆಲ್ಯುಲೋಸ್ ಎಂಬ ಮಾತಿಗೆ, ಪಾರದರ್ಶಕ ಎಂಬರ್ಥದ ಡಯಾಫೇನ್ ಎಂಬ ಫ್ರೆಂಚ್ ಮಾತನ್ನು ಸಮಾಸ ಮಾಡಿ ಸೆಲೊಫೇನ್ ಎಂದು ಹೆಸರಿಟ್ಟ. ನಮ್ಮ ವ್ಯಾಕರಣದಲ್ಲಿಯಾದರೆ ಇದಕ್ಕೆ ಲೋಪಸಂಧಿ ಎನ್ನಬೇಕೋ ಏನೋ!

ಅದೇ ವಿಸ್ಕೋಸನ್ನು ಸಣ್ಣ ತೂತುಗಳಿಂದ ಹಿಂಡಿ ಆಮ್ಲಕ್ಕೆ ಬಿಟ್ಟರೆ ರೇಯಾನ್ ನೂಲು. ಉದ್ದನೆಯ ಸೀಳಿನಿಂದ ಬಿಟ್ಟರೆ ಸೆಲೊಫೇನ್ ಹಾಳೆ. ರೇಯಾನಿಗೆ ಬೇಕಾದ ಮರದ ತಿರುಳು ನಮ್ಮ ತುಂಗಭದ್ರೆಯ ದಡದ ಕುಮಾರಪಟ್ಟಣದಲ್ಲಿಯೂ ತಯಾರಾಗುತ್ತದೆ. ನಾವು ಹುಡುಗರಾಗಿದ್ದಾಗ ಬಣ್ಣಬಣ್ಣದ ಈ ಹಾಳೆಯನ್ನು ಕಣ್ಣಿಗೆ ಹಿಡಿದು ಊರನ್ನೆಲ್ಲ ಕೆಂಪಾಗಿಯೂ ಹಸುರಾಗಿಯೂ ನೋಡಿ ನಲಿದದ್ದುಂಟು. ಜಿಲೆಟಿನ್ ಕಾಗದ ಎಂದು ತಪ್ಪು ಹೆಸರಿನಿಂದ ಕರೆಯುತ್ತಿದ್ದೆವು. ಸೆಲೊಫೇನಿಗೂ ದೋಷವಿತ್ತು. ನೀರನ್ನು ತಡೆಯುತ್ತಿತ್ತು, ಆದರೆ ನೀರಿನ ಆವಿಯನ್ನು ತಡೆಯುತ್ತಿರಲಿಲ್ಲ. 1923ರಲ್ಲಿ ಇದರ ಹಕ್ಕನ್ನು ಪಡೆದ ಅಮೆರಿಕದ ಡ್ಯೂಪಾಂಟ್ ಸಂಸ್ಥೆಯಲ್ಲಿ ವಿಲಿಯಂ ಹೇಲ್ ಚಾರ್ಚ್ ಎಂಬಾತ ಎರಡು ಸಾವಿರಕ್ಕೂ ಮಿಕ್ಕಿದ ಲೇಪಗಳನ್ನು ಪರೀಕ್ಷಿಸಿ, 1927ರಲ್ಲಿ ಆವಿಯನ್ನೂ ತಡೆಯುವ ಹಾಳೆಯನ್ನು ಸಾಧಿಸಿದ. ಅಲ್ಲಿಂದ ಬಿಸ್ಕತ್ತು, ಮಿಠಾಯಿ, ಸಿಗರೇಟು ಎಲ್ಲಕ್ಕೂ ಸೆಲೊಫೇನಿನ ಕವಚ ಬಂತು. ಗಿರಾಕಿ ಕಣ್ಣಿನಿಂದಲೇ ಸರಕನ್ನು ಆರಿಸುವ ಪದ್ಧತಿಗೆ ಇದು ನಾಂದಿ.

ಆದರೆ ಸೆಲೊಫೇನ್ ಹಿಗ್ಗುವುದಿಲ್ಲ. ಎಳೆದರೆ ಹರಿಯುತ್ತದೆ. ನಮ್ಮ ಕಥಾನಾಯಕ ಇನ್ನೂ ಹುಟ್ಟಿರಲಿಲ್ಲ.

ಅವನ ಜನ್ಮಸ್ಥಳ ಇಂಗ್ಲೆಂಡಿನ ಚೆಷೈರ್ ಜಿಲ್ಲೆಯ ವಿನಿಂಗ್‌ಟನ್, ಐ.ಸಿ.ಐ. ಎಂಬ ದೊಡ್ಡ ರಾಸಾಯನಿಕ ಸಂಸ್ಥೆಯ ಪ್ರಯೋಗಶಾಲೆ. ಎರಿಕ್ ಫಾಸೆಟ್, ರೆಜಿನಾಲ್ಡ್ ಗಿಬ್ಸನ್ ಎಂಬಿಬ್ಬರು ತೀರ ಹೆಚ್ಚಿನ ಒತ್ತಡದಲ್ಲಿ ಪದಾರ್ಥಗಳು ಹೇಗೆ ವರ್ತಿಸುತ್ತವೆ ಎಂದು ಅಲ್ಲಿ ಪರೀಕ್ಷಿಸುತ್ತಿದ್ದರು. ಹಣ್ಣನ್ನು ಮಾಗಿಸುವ ಎಥಿಲೀನ್ ಅನಿಲವನ್ನೂ, ಕಹಿಬಾದಾಮಿಯ ವಾಸನೆಯ ಬೆಂಜಾಲ್ಡಿಹೈಡನ್ನೂ ಒಂದು ಉಕ್ಕಿನ ಪಾತ್ರೆಯಲ್ಲಿ ಕೂಡಿಹಾಕಿ, ವಾಯುಭಾರದ ಸುಮಾರು 1,900 ಪಟ್ಟು ಒತ್ತಡದಲ್ಲಿ, 170 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಶುಕ್ರವಾರ ಇಟ್ಟುಹೋದರು. 1933ರ ಮಾರ್ಚ್ 27, ಸೋಮವಾರ ಬಂದು ನೋಡಿದರೆ ಒತ್ತಡ ಇಳಿದುಹೋಗಿತ್ತು. ಪಾತ್ರೆಯೊಳಗೆ ಮೇಣದಂಥ ಬಿಳಿಯ ಪದಾರ್ಥ ಒಂದಿಷ್ಟು, ಅರ್ಧ ಗ್ರಾಮಿಗೂ ಕಡಿಮೆ, ಕುಳಿತಿತ್ತು. ಅದೇ ಪಾಲಿಥೀನ್. ಪಂಚಾಂಗದ ಪ್ರಕಾರ ಅದು ಶ್ರೀಮುಖ ಸಂವತ್ಸರದ ಯುಗಾದಿಯ ಆಸುಪಾಸು. ನಮ್ಮ ಹಿರಿಯರು ಬೇವುಬೆಲ್ಲ ತಿನ್ನುತ್ತಿದ್ದ ಹೊತ್ತಿನಲ್ಲಿ ಅಲ್ಲೊಂದು ಬೇವುಬೆಲ್ಲ ಸಿದ್ಧವಾಗಿತ್ತು.

ಮತ್ತೆ ಅದನ್ನೇ ಮಾಡಹೋದರೆ ಪಾತ್ರೆ ಸಿಡಿಯಿತು. ಕೆಲಸ ನಿಂತಿತು. 1935ರ ಡಿಸೆಂಬರಿನಲ್ಲಿ ಮೈಕೆಲ್ ಪೆರಿನ್ ಮತ್ತು ಅವನ ಸಂಗಡಿಗರು ಇನ್ನೂ ಗಟ್ಟಿಯಾದ ಪಾತ್ರೆಯಲ್ಲಿ ಎಥಿಲೀನನ್ನು ಮಾತ್ರ ಇಟ್ಟು ಪ್ರಯತ್ನಿಸಿದರು. ಒಂದು ಕೀಲು ಸೋರಿ, ಕಡಿಮೆಯಾದ ಅನಿಲವನ್ನು ಮತ್ತೆ ತುಂಬಿದರು. ಹಾಗೆ ತುಂಬಿದ ಅನಿಲದಲ್ಲಿ ಲೇಶಮಾತ್ರ ಆಮ್ಲಜನಕ ಬೆರೆತಿತ್ತು. ಕ್ರಿಯೆಗೆ ಚಾಲನೆ ಕೊಡಲು ಬೇಕಾಗಿದ್ದುದು ಆ ಲೇಶವೇ. ಇನ್ನಷ್ಟು ಹೆಚ್ಚಾಗಿದ್ದರೆ ಸ್ಫೋಟ; ಇಲ್ಲದಿದ್ದರೆ ಶೂನ್ಯ. ಈ ಸಲ ಸಿಕ್ಕಿದ್ದು 8.5 ಗ್ರಾಮು. ಒಂದು ಸೋರುವ ಕೀಲು ಲೋಕದ ಅಂಗಡಿಬೀದಿಗಳ ಚಹರೆಯನ್ನೇ ಬದಲಾಯಿಸಿತೆಂದರೆ ನಂಬುವುದು ಕಷ್ಟ.

ಪಾಲಿಥೀನ್ ಕಾರ್ಖಾನೆ ಕೆಲಸ ಆರಂಭಿಸಿದ ದಿನ 1939ರ ಸೆಪ್ಟೆಂಬರ್ 1. ಜರ್ಮನಿ ಪೋಲೆಂಡಿನ ಮೇಲೆ ಏರಿಹೋದ ದಿನ. ಆ ಕಾಲದಲ್ಲಿ ಯಾರೂ ಅದನ್ನು ಪೊಟ್ಟಣ ಕಟ್ಟುವ ವಸ್ತುವೆಂದು ನೋಡಲಿಲ್ಲ. ರೇಡಿಯೋ ತರಂಗಗಳ ಅತಿವೇಗದ ಕಂಪನವನ್ನು ಸೋರಗೊಡದೆ ಒಯ್ಯುವ ತಂತಿಗೆ ಅದು ಉತ್ತಮ ಹೊದಿಕೆಯಾಗಿತ್ತು. ವಿಮಾನದಲ್ಲಿ ಒಯ್ಯಬಹುದಾದಷ್ಟು ಹಗುರವಾದ ರೇಡಾರ್ ಸಾಧ್ಯವಾದದ್ದರಲ್ಲಿ ಪಾಲಿಥೀನಿನ ಪಾಲು ದೊಡ್ಡದು. ಯುದ್ಧ ಮುಗಿಯುವವರೆಗೂ ಅದು ಗುಟ್ಟಿನ ಸಾಮಗ್ರಿ. ಬಾನುಲಿಯ ಅಭಿಮಾನಿಗಳಾದ ವಾಚಕರಿಗೆ ಇದು ರುಚಿಸೀತೆಂದು ತುಸು ವಿಸ್ತಾರವಾಗಿ ಹೇಳಿದೆ. ಮನೆಯ ಮಾಳಿಗೆಯ ಮೇಲಿನ ಟೆಲಿವಿಷನ್ ತಟ್ಟೆಯಿಂದ ಇಳಿದುಬರುವ ತಂತಿಯನ್ನು ಕತ್ತರಿಸಿ ನೋಡಿದರೆ, ನಡುವಿನ ತಾಮ್ರದ ಸುತ್ತ ಬೆಳ್ಳಗೆ ಮೆತ್ತಗಿರುವುದು ಅದೇ ಪಾಲಿಥೀನ್.

ಅದೇ 1933ರಲ್ಲಿ ಅಮೆರಿಕದ ಮಿಷಿಗನ್ ಪ್ರಾಂತದ ಡೌ ಎಂಬ ರಾಸಾಯನಿಕ ಸಂಸ್ಥೆಯಲ್ಲಿ, ಪ್ರಯೋಗಶಾಲೆಯ ಪಾತ್ರೆ ತೊಳೆಯುತ್ತಿದ್ದ ರಾಲ್ಫ್ ವೈಲಿ ಎಂಬ ವಿದ್ಯಾರ್ಥಿಗೆ ಒಂದು ಸೀಸೆಯ ತಳದ ಕೊಳೆ ಎಷ್ಟು ತಿಕ್ಕಿದರೂ ಹೋಗಲಿಲ್ಲ. ಹೋಗದ ಆ ಕೊಳೆಯೇ ಸರಾನ್ ಎಂಬ ಹೆಸರು ಪಡೆದು, ಯುದ್ಧದಲ್ಲಿ ಕಡಲಿನ ಉಪ್ಪುಗಾಳಿಯಿಂದ ವಿಮಾನಗಳನ್ನು ಕಾಪಾಡುವ ಲೇಪವಾಯಿತು. ಆಮೇಲೆ ಹಸಿರು ಬಣ್ಣವನ್ನೂ ಕೆಟ್ಟ ವಾಸನೆಯನ್ನೂ ಕಳೆದು, 1953ರಲ್ಲಿ ಅಮೆರಿಕದ ಗೃಹಿಣಿಯರ ಅಡಿಗೆಮನೆಗೆ ಬಂತು. ಬಟ್ಟಲಿನ ಬಾಯಿಗೆ ಹೊದಿಸಿದರೆ ತಾನಾಗಿ ಕಚ್ಚಿಕೊಳ್ಳುವ ಹಾಳೆ ಅದು. ವಾಸನೆಯನ್ನೂ ಗಾಳಿಯನ್ನೂ ತಡೆಯುವುದರಲ್ಲಿ ಅದನ್ನು ಮೀರಿಸಿದ್ದು ಕಡಿಮೆ. ಆದರೆ ಅದರಲ್ಲಿ ಕ್ಲೋರಿನ್ ಇದೆ. ಸುಟ್ಟರೆ ವಿಷಾನಿಲ ಹುಟ್ಟುವ ಅಂಜಿಕೆಯಿದೆ. 2004ರಲ್ಲಿ ಅದರ ಅಮೆರಿಕದ ತಯಾರಕರು ಹಳೆಯ ಪದಾರ್ಥವನ್ನು ಬಿಟ್ಟು ಪಾಲಿಥೀನನ್ನೇ ಬಳಸತೊಡಗಿದರು. ಅಂಟು ಕಡಿಮೆಯಾಯಿತೆಂದು ಗಿರಾಕಿಗಳು ಗೊಣಗಿದರೂ ಹಿಂದಿರುಗಲಿಲ್ಲ.

ಅಡಿಗೆಮನೆಯ ಮಾತು ಅಲ್ಲಿರಲಿ. ನಮ್ಮ ಶಾಲೆಯ ಬಾಗಿಲಿಗೆ ಬಂದದ್ದು ಗೋದಾಮಿನ ಹಾಳೆ. ಅದರ ವೃತ್ತಾಂತಕ್ಕೆ ಹಲಗೆಯೊಂದರ ಕಥೆಯನ್ನು ಹೇಳಬೇಕು.

ಹಮಾಲಿ ಮೂಟೆಯನ್ನು ಬೆನ್ನಿನ ಮೇಲೆ ಹೊತ್ತು ಲಾರಿಗೆ ಏರಿಸುವುದು ನಾವು ಕಂಡದ್ದೇ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಸಾಗರದಾಚೆಗೆ ರಾಶಿರಾಶಿ ಸರಕನ್ನು ಸಾಗಿಸಬೇಕಾಗಿ ಬಂದಾಗ, ಒಂದೊಂದೇ ಪೆಟ್ಟಿಗೆಯನ್ನು ಎತ್ತಿ ಇಳಿಸಿದರೆ ಯುದ್ಧವೇ ಮುಗಿದುಹೋದೀತೆಂದು ಕಂಡಿತು. ಮರದ ಪಟ್ಟಿಗಳನ್ನು ಜೋಡಿಸಿದ ಮಣೆಯೊಂದರ ಮೇಲೆ ಪೆಟ್ಟಿಗೆಗಳನ್ನು ಗೋಪುರದಂತೆ ಪೇರಿಸಿ, ಮಣೆಯ ಅಡಿಯ ಸಂದಿಗೆ ಎರಡು ಕಬ್ಬಿಣದ ಬೆರಳುಗಳ ಗಾಡಿಯನ್ನು ತೂರಿಸಿ, ಗೋಪುರವನ್ನೇ ಎತ್ತುವ ಪದ್ಧತಿ ಆಗ ಬಲವಾಗಿ ಹರಡಿತು. ಮಣೆಗೆ ಪ್ಯಾಲೆಟ್ ಎಂದು ಹೆಸರು, ಗಾಡಿಗೆ ಫೋರ್ಕ್‌ಲಿಫ್ಟ್. 1956ರಲ್ಲಿ ಮಾಲ್ಕಮ್ ಮೆಕ್ಲೀನ್ ಎಂಬ ಲಾರಿಯ ಸಾಹುಕಾರ ಉಕ್ಕಿನ ದೊಡ್ಡ ಪೆಟ್ಟಿಗೆಗಳನ್ನೇ ಹಡಗಿಗೇರಿಸುವ ಕ್ರಮವನ್ನು ತೊಡಗಿಸಿದ ಮೇಲಂತೂ ಸರಕಿನ ಓಡಾಟಕ್ಕೆ ತಡೆಯೇ ಇಲ್ಲದಾಯಿತು. ಆದರೆ ಗೋಪುರ ನಿಲ್ಲಬೇಕಲ್ಲ? ತಿರುವಿನಲ್ಲಿ ಲಾರಿ ವಾಲಿದರೆ ಮೇಲಿನ ಪೆಟ್ಟಿಗೆ ಕೆಳಕ್ಕೆ. ಹಗ್ಗ ಬಿಗಿದರು, ಉಕ್ಕಿನ ಪಟ್ಟಿ ಬಿಗಿದರು. ಇವುಗಳಲ್ಲೊಂದು ತೊಡಕು. ದಾರಿಯ ಕುಲುಕಾಟದಲ್ಲಿ ಸರಕು ತುಸು ಕುಸಿಯುತ್ತದೆ. ಕುಸಿದೊಡನೆ ಹಗ್ಗ ಸಡಿಲ. ಬಿಗಿಯಾಗಿ ಕಟ್ಟೋಣವೆಂದರೆ ಪಟ್ಟಿ ರಟ್ಟಿನ ಪೆಟ್ಟಿಗೆಯ ಅಂಚನ್ನು ಕೊಯ್ಯುತ್ತದೆ.

ಆಗ ಬಂದದ್ದು ಕುಗ್ಗುವ ಹಾಳೆಯ ಉಪಾಯ. ದಪ್ಪನೆಯ ಪಾಲಿಥೀನ್ ಚೀಲವನ್ನು ಗೋಪುರದ ಮೇಲೆ ಗೌಸಿನಂತೆ ತೊಡಿಸಿ, ಇಡಿಯಾಗಿ ಬಿಸಿಗಾಳಿಯ ಕೋಣೆಗೆ ನೂಕಿದರೆ, ಶಾಖಕ್ಕೆ ಹಾಳೆ ಕುಗ್ಗಿ ಮೈಗೆ ಅಂಟುತ್ತದೆ. ಕೆಲಸವೇನೋ ಆಗುತ್ತಿತ್ತು, ಆದರೆ ಒಂದೊಂದು ಗೋಪುರಕ್ಕೂ ಇಂಧನ ಉರಿಯಬೇಕು. 1970ರ ದಶಕದ ಆರಂಭದಲ್ಲಿ ಅಮೆರಿಕದ ಕೆಂಟಕಿ ಪ್ರಾಂತದ ಲೂಯಿವಿಲ್ ನಗರದಲ್ಲಿ ಪ್ಯಾಟ್ ಲ್ಯಾಂಕಾಸ್ಟರ್ ತನ್ನ ಸೋದರನೊಡನೆ ಸೇರಿ ಕಟ್ಟಿದ ಯಂತ್ರದಲ್ಲಿ ಉರಿಯ ಗೊಡವೆಯೇ ಇರಲಿಲ್ಲ. ಕುಂಬಾರನ ತಿಗರಿಯಂತೆ ತಿರುಗುವ ತಟ್ಟೆಯ ಮೇಲೆ ಗೋಪುರವನ್ನು ಇಟ್ಟು, ಪಕ್ಕದ ಸುರುಳಿಯಿಂದ ಹಾಳೆಯನ್ನು ಬಿಗಿಹಿಡಿದು ಬಿಟ್ಟರೆ, ಸರಕು ತಿರುಗಿದಂತೆ ಹಾಳೆ ತಾನಾಗಿ ಎಳೆದುಕೊಂಡು ಸುತ್ತಿಕೊಳ್ಳುತ್ತದೆ. ಒಳ್ಳೆಯ ಯಂತ್ರವೊಂದೇ ಆಗಿದ್ದರೆ ಅದು ಇಷ್ಟು ಬೇಗ ಗೆಲ್ಲುತ್ತಿತ್ತೋ ಇಲ್ಲವೋ. 1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲವನ್ನು ತಡೆಹಿಡಿದವು. ಕೆಲವೇ ತಿಂಗಳುಗಳಲ್ಲಿ ಅದರ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ನಮ್ಮಲ್ಲಿ ಸೀಮೆಎಣ್ಣೆಯ ಸಾಲುಗಳು ಉದ್ದವಾದ ಆ ದಿನಗಳನ್ನು ಹಿರಿಯ ವಾಚಕರು ಮರೆತಿರಲಾರರು. ಬಿಸಿಗಾಳಿಯ ಕೋಣೆಗಳು ದುಬಾರಿಯಾದವು. ದಪ್ಪ ಚೀಲಕ್ಕೆ ಬೇಕಾದ ಪ್ಲಾಸ್ಟಿಕ್ಕೂ ದುಬಾರಿಯಾಯಿತು. ಉರಿಯನ್ನೂ ಕೇಳದ, ಕಡಿಮೆ ಪ್ಲಾಸ್ಟಿಕ್ಕನ್ನು ಬಳಸುವ ಸುತ್ತುಹಾಳೆಗೆ ಕಾಲ ಕೂಡಿಬಂದದ್ದು ಹೀಗೆ. ಮಿತವ್ಯಯದ ಮಗುವಾಗಿಯೇ ಅದು ಲೋಕಕ್ಕೆ ಬಂತು ಎಂಬುದನ್ನು, ಇಂದು ಅದನ್ನು ಬಯ್ಯುವಾಗ ನಾವು ನೆನೆಯುವುದು ನ್ಯಾಯ.

ಮೊದಮೊದಲ ಹಾಳೆಗಳು ಚೆನ್ನಾಗಿರಲಿಲ್ಲ. ಒಂದು ಮೀಟರನ್ನು ಒಂದೂವರೆ ಮೀಟರಿಗೆ ಎಳೆಯುವಷ್ಟರಲ್ಲಿ ಹರಿದುಹೋಗುತ್ತಿದ್ದವು. ವಿನಿಂಗ್‌ಟನ್ನಿನ ಪಾಲಿಥೀನಿನ ಅಣುಸರಪಳಿಗಳು ಜಾಲಿಯ ಕೊಂಬೆಗಳಂತೆ; ಉದ್ದುದ್ದ ಕವಲುಗಳು ಒಂದರೊಳಗೊಂದು ತೊಡಕಿಕೊಂಡಿರುತ್ತವೆ, ಎಳೆದರೆ ಜಾರುವುದಿಲ್ಲ. 1953ರಲ್ಲಿ ಜರ್ಮನಿಯ ಮ್ಯೂಲ್‌ಹೈಮಿನಲ್ಲಿ ಕಾರ್ಲ್ ಜೀಗ್ಲರ್ ಅಧಿಕ ಒತ್ತಡವಿಲ್ಲದೆಯೇ, ಲೋಹದ ವೇಗವರ್ಧಕಗಳ ಸಹಾಯದಿಂದ, ಕವಲಿಲ್ಲದ ನೀಳ ಸರಪಳಿಗಳನ್ನು ಕಟ್ಟುವ ದಾರಿ ತೋರಿಸಿದ. ಅದಕ್ಕಾಗಿ 1963ರ ನೊಬೆಲ್ ಪಾರಿತೋಷಕ ಅವನಿಗೂ ಇಟಲಿಯ ಜೂಲಿಯೋ ನಟ್ಟಾನಿಗೂ ದೊರಕಿತು. ಈ ಮಾರ್ಗದಲ್ಲಿ ಮುಂದೆ, ನೀಳ ಸರಪಳಿಗೆ ಬಿದಿರಿನ ಗಣ್ಣಿನ ಕಡ್ಡಿಗಳಂತೆ ಚಿಕ್ಕಚಿಕ್ಕ ಕವಲುಗಳನ್ನು ಮಾತ್ರ ಹೊಂದಿಸಿದ ಹೊಸ ಪಾಲಿಥೀನ್ ಬಂತು. 1960ರಲ್ಲಿ ಕೆನಡಾದಲ್ಲಿ ಅದರ ತಯಾರಿಕೆ ಮೊದಲಾಯಿತು. ಅಗ್ಗವಾಗಿ ಹೇರಳವಾಗಿ ಸಿಕ್ಕಿದ್ದು 1970ರ ದಶಕದ ಕೊನೆಯಲ್ಲಿ. ಈ ಸರಪಳಿಗಳು ಎಳೆದಾಗ ಜಾರಿ, ಎಳೆದ ದಿಕ್ಕಿಗೆ ಸಾಲಾಗಿ ನಿಲ್ಲುತ್ತವೆ. ನಿಂತಂತೆ ಹಾಳೆ ಗಟ್ಟಿಯಾಗುತ್ತದೆ. ಎಳೆಯುವುದಕ್ಕೂ ನೂಲಿನ ಎಳೆಗೂ ಕನ್ನಡದಲ್ಲಿ ಒಂದೇ ಮಾತಿದೆ. ಎಳೆದದ್ದು ಎಳೆಯಾಗುತ್ತದೆಂದು ಹತ್ತಿಯನ್ನು ನೂತ ನಮ್ಮ ಪೂರ್ವಿಕರು ಅರಿತಿದ್ದರು. ರಸಾಯನಶಾಸ್ತ್ರಜ್ಞರು ಅದನ್ನು ಅಣುವಿನ ಮಟ್ಟದಲ್ಲಿ ಕಂಡುಕೊಂಡರು ಎಂದು ಪಂಡಿತನಾದ ನಾನು ಹೆಮ್ಮೆಪಟ್ಟರೆ ವಾಚಕರು ಕ್ಷಮಿಸಬೇಕು.

ಇಂದಿನ ಯಂತ್ರಗಳಲ್ಲಿ ಹಾಳೆ ಎರಡು ಉರುಳೆಗಳ ನಡುವೆ ಹಾದುಹೋಗುತ್ತದೆ. ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚು ವೇಗವಾಗಿ ತಿರುಗುವುದರಿಂದ, ಸರಕನ್ನು ಮುಟ್ಟುವ ಮೊದಲೇ ಒಂದು ಮೀಟರ್ ಹಾಳೆ ಮೂರು ಮೀಟರಿಗೂ ಮಿಕ್ಕಿ ಹಿಗ್ಗಿರುತ್ತದೆ. ಸುರುಳಿಯಲ್ಲಿದ್ದಾಗಲೇ ಅದರ ದಪ್ಪ ಸುಮಾರು 20 ಮೈಕ್ರಾನ್, ಎಂದರೆ ಮಿಲಿಮೀಟರಿನ 50ನೆಯ ಒಂದು ಪಾಲು. ಗಂಟಿಲ್ಲ, ಗೋಂದಿಲ್ಲ, ಪದರಕ್ಕೆ ಪದರ ಕಚ್ಚಲೆಂದು ಜಿಗುಟಾದ ಪದಾರ್ಥವನ್ನು ತಯಾರಿಸುವಾಗಲೇ ಬೆರೆಸಿರುತ್ತಾರೆ. ಒಂದು ಟನ್ ಸರಕನ್ನು ಹಿಡಿದಿಡಲು ಕೆಲವು ನೂರು ಗ್ರಾಮು ಹಾಳೆ ಸಾಕು. ಹಗ್ಗಕ್ಕೂ ಇದಕ್ಕೂ ಇರುವ ಭೇದ ಇಲ್ಲಿದೆ: ಹಗ್ಗ ಕಟ್ಟಿದಾಗ ಎಷ್ಟು ಬಿಗಿಯೋ ಅಷ್ಟೇ, ಹಾಳೆ ಮಾತ್ರ ತನ್ನ ಮೊದಲಿನ ಅಳತೆಗೆ ಹಿಂದಿರುಗಲು ಎಡೆಬಿಡದೆ ಹವಣಿಸುತ್ತಿರುತ್ತದೆ. ಸರಕು ಕುಸಿದರೆ ತಾನೂ ಕುಗ್ಗಿ ಹಿಡಿತವನ್ನು ಉಳಿಸಿಕೊಳ್ಳುತ್ತದೆ.

ಇದರ ಉಪಯೋಗಗಳನ್ನು ಎಣಿಸುತ್ತ ಹೋದರೆ ಪತ್ರಿಕೆಯ ಪುಟಗಳು ಸಾಲವು. ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಪೆಟ್ಟಿಗೆಗಳಿಗೆ, ಮನೆ ಬದಲಾಯಿಸುವಾಗ ಸೋಫಾಗಳಿಗೆ ಸುತ್ತುವುದನ್ನು ಎಲ್ಲರೂ ಕಂಡಿದ್ದಾರೆ. ನನಗೆ ಹೆಚ್ಚು ಸೊಗಸೆನಿಸಿದ್ದು ರೈತನ ಹೊಲದಲ್ಲಿನ ಬಳಕೆ. ಹಸಿಯ ಮೇವನ್ನು ಗಾಳಿಯಾಡದಂತೆ ಅದುಮಿಟ್ಟರೆ ಅದು ಹುಳಿತು ರಸಮೇವಾಗಿ ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ. ಹಿಂದೆ ಅದಕ್ಕಾಗಿ ಗುಂಡಿ ಬೇಕಿತ್ತು, ಗೋಪುರ ಬೇಕಿತ್ತು. 1980ರ ದಶಕದಿಂದ ಯೂರೋಪಿನ ಮಳೆಯ ನಾಡುಗಳಲ್ಲಿ ಹುಲ್ಲನ್ನು ಉರುಳೆಯಂತೆ ಸುತ್ತಿ, ಅದರ ಮೇಲೆ ಈ ಹಾಳೆಯನ್ನು ಪದರಪದರವಾಗಿ ಬಿಗಿದು ಹೊಲದಲ್ಲಿಯೇ ಬಿಡುತ್ತಾರೆ. ನಮ್ಮ ಹೈನುಗಾರರಿಗೂ ಈ ಕಟ್ಟುಗಳು ಪರಿಚಿತವಾಗಿವೆ. ಧಾನ್ಯಕ್ಕೆ ನಮ್ಮ ಬಯಲುಸೀಮೆಯವರು ನೆಲದಲ್ಲಿ ತೋಡುತ್ತಿದ್ದ ಹಗೇವಿನ ತತ್ತ್ವವೂ ಇದೇ: ಗಾಳಿಯನ್ನು ಹೊರಗಿಟ್ಟರೆ ಕಾಲವನ್ನೂ ಸ್ವಲ್ಪ ಹೊರಗಿಟ್ಟಂತೆ. ಮಾಂಸದ ತಟ್ಟೆಗಳಿಗೆ ಹೊದಿಸುವ ಹಾಳೆಯದು ಇದರ ತಿರುಗುಮುರುಗು. ಅದು ಬೇಕೆಂದೇ ಒಂದಿಷ್ಟು ಆಮ್ಲಜನಕವನ್ನು ಒಳಗೆ ಬಿಡುತ್ತದೆ, ಮಾಂಸದ ಕೆಂಪು ಮಾಸದಿರಲೆಂದು.

ಈಗ ಜವಾನನ ಪ್ರಶ್ನೆಗೆ ಬರೋಣ. ಗೋದಾಮಿನಿಂದ ಅಂಗಡಿಗೆ ಸರಕು ಸೇರಲು ಎಷ್ಟು ದಿನ? ಎರಡೋ, ಹತ್ತೋ. ಹಾಳೆಯ ಕೆಲಸ ಅಲ್ಲಿಗೆ ಮುಗಿಯಿತು. ಆದರೆ ಯಾವ ಗುಣಕ್ಕಾಗಿ ಅದನ್ನು ಮೆಚ್ಚಿದೆವೋ, ಎಂದರೆ ನೀರಿಗೆ ಕರಗದ, ಗೆದ್ದಲು ಮುಟ್ಟದ, ಕೊಳೆಯದ ಗುಣ, ಅದು ಕೆಲಸ ಮುಗಿದ ಮೇಲೂ ಬಿಟ್ಟುಹೋಗುವುದಿಲ್ಲ. ಹತ್ತು ದಿನದ ಚಾಕರಿಗೆ ನೂರಾರು ವರ್ಷ ಬಾಳುವ ಆಳನ್ನು ಇಟ್ಟುಕೊಂಡ ಹಾಗೆ. ಶುದ್ಧವಾಗಿದ್ದರೆ, ಒಂದೇ ಜಾತಿಯದಾಗಿದ್ದರೆ ಇದನ್ನು ಕರಗಿಸಿ ಮತ್ತೆ ಬಳಸಬಹುದು. ದೊಡ್ಡ ಗೋದಾಮುಗಳಲ್ಲಿ ಒಂದೇ ಕಡೆ ರಾಶಿ ಬೀಳುವುದರಿಂದ ಅಲ್ಲಿ ಅದು ಸಾಧ್ಯ. ಬೀದಿಗೆ ಬಿದ್ದು ಮಣ್ಣು ಹತ್ತಿದ ಮೇಲೆ ಕಷ್ಟ. ಕಸ ವಿಂಗಡಿಸುವ ಯಂತ್ರಗಳ ಉರುಳೆಗಳಿಗೆ ಇದು ಸುತ್ತಿಕೊಂಡು ಯಂತ್ರವನ್ನೇ ನಿಲ್ಲಿಸುವುದುಂಟು. ಸುತ್ತಿಕೊಳ್ಳುವುದು ಅದರ ಹುಟ್ಟುಗುಣವಷ್ಟೆ! ಮಣ್ಣು ಸೇರಿದರೆ ನೀರಿಂಗದು. ದನದ ಹೊಟ್ಟೆ ಸೇರಿದರೆ ಏನಾಗುತ್ತದೆಂಬುದನ್ನು ಪಶುವೈದ್ಯರನ್ನು ಕೇಳಿದರೆ ಹೇಳುತ್ತಾರೆ.

ಕಾನೂನು ಕಣ್ಣು ತೆರೆದಿಲ್ಲವೆಂದಲ್ಲ. ಕರ್ನಾಟಕ ಸರಕಾರ 2016ರ ಮಾರ್ಚಿನಲ್ಲಿ ಕೈಚೀಲ, ತಟ್ಟೆ, ಲೋಟಗಳ ಜೊತೆಗೆ ಪಾತ್ರೆಗೆ ಅಂಟಿಸುವ ಕ್ಲಿಂಗ್ ಫಿಲ್ಮನ್ನೂ, ಊಟದ ಮೇಜಿನ ಮೇಲೆ ಹಾಸುವ ಪ್ಲಾಸ್ಟಿಕ್ ಹಾಳೆಯನ್ನೂ ನಿಷೇಧಿಸಿತು. ಮದುವೆಯ ಮನೆಗಳಲ್ಲಿ ಒಂದು ಪಂಕ್ತಿ ಎದ್ದೊಡನೆ ಎಲೆಸಮೇತ ಸುತ್ತಿ ಎಸೆಯುತ್ತಿದ್ದ ಹಾಳೆ ಅದು. ಕೇಂದ್ರ ಸರಕಾರ 2022ರ ಜುಲೈ 1ರಿಂದ ಸಿಹಿತಿಂಡಿಯ ಪೆಟ್ಟಿಗೆ, ಆಮಂತ್ರಣ ಪತ್ರಿಕೆ, ಸಿಗರೇಟಿನ ಪೊಟ್ಟಣಗಳ ಮೇಲಿನ ಹೊದಿಕೆಯನ್ನು ದೇಶದಲ್ಲೆಲ್ಲ ನಿಲ್ಲಿಸಿತು. ಪ್ಯಾಲೆಟ್ಟಿನ ಹಾಳೆ ಆ ಪಟ್ಟಿಯಲ್ಲಿಲ್ಲ. ಅದನ್ನು ನಿಲ್ಲಿಸಿದರೆ ಸರಕಿನ ಸಾಗಾಣಿಕೆಗೆ ಬದಲಿ ಬೇಕಲ್ಲ. ಅದೇ 2022ರ ಡಿಸೆಂಬರ್ 31ರಿಂದ ಪ್ಲಾಸ್ಟಿಕ್ ಕೈಚೀಲ 120 ಮೈಕ್ರಾನಿಗಿಂತ ತೆಳುವಾಗಿರಕೂಡದೆಂದು ನಿಯಮವಾಯಿತು. ದಪ್ಪನೆಯದಾದರೆ ಜನ ಮತ್ತೆ ಬಳಸುತ್ತಾರೆ, ಆಯುವವರು ಆಯುತ್ತಾರೆ ಎಂಬುದು ಅದರ ತರ್ಕ. ಸುತ್ತುಹಾಳೆಯ ತಯಾರಕರ ಹೆಗ್ಗಳಿಕೆಯಾದರೋ ವರ್ಷವರ್ಷಕ್ಕೆ ಅದನ್ನು ಇನ್ನಷ್ಟು ತೆಳುವಾಗಿಸುವುದರಲ್ಲಿದೆ. ತೆಳುವಾದಷ್ಟೂ ಪ್ಲಾಸ್ಟಿಕ್ ಉಳಿಯುತ್ತದೆ, ನಿಜ. ತೆಳುವಾದಷ್ಟೂ ಅದನ್ನು ಬಗ್ಗಿ ಹೆಕ್ಕುವವರು ಕಡಿಮೆಯಾಗುತ್ತಾರೆ ಎಂಬುದೂ ನಿಜ.

ಈ ಪ್ಲಾಸ್ಟಿಕ್ಕನ್ನು ಕಂಡರೆ ಉರಿದೇಳುವ ಗೆಳೆಯರು ನನಗಿದ್ದಾರೆ. ಅವರ ಮಾತನ್ನು ನಾನು ಅಲ್ಲಗಳೆಯಲಾರೆ. ಆದರೆ ಇಸ್ತ್ರಿಪೆಟ್ಟಿಗೆಯ ಕೆಳಗೆ ಕೈಗೆ ಕಿತ್ತುಬಂದ ಆ ಹಳಗನ್ನಡದ ಪುಟಗಳನ್ನು ನೆನೆದಾಗ, ಅವರಷ್ಟು ಸುಲಭವಾಗಿ ಬಯ್ಯುವುದೂ ನನ್ನಿಂದಾಗದು. ಕಂದು ಕಾಗದ ಮಣ್ಣಿಗೆ ಸೇರುತ್ತಿತ್ತು. ಜೊತೆಗೆ ಪುಸ್ತಕವನ್ನೂ ಸೇರಿಸುತ್ತಿತ್ತು.

ಮೂಲೆಯಲ್ಲಿಟ್ಟ ಹಾಳೆಗಳನ್ನು ಗುಜರಿಯವನಿಗೆ ತೋರಿಸಿದೆವು. ರಟ್ಟಿನ ಪೆಟ್ಟಿಗೆಗಳನ್ನು ತೂಗಿ ದುಡ್ಡು ಕೊಟ್ಟ. ಹಾಳೆಯನ್ನು ಎರಡು ಬೆರಳಲ್ಲಿ ಮುಟ್ಟಿ, "ಇದು ಬೇಡ ಸ್ವಾಮಿ, ತೂಕಕ್ಕೆ ಬರೋಲ್ಲ" ಎಂದ. ಕೊನೆಗೆ ಜವಾನನೇ ದಾರಿ ಕಂಡುಕೊಂಡ. ಹಾಳೆಯನ್ನು ಅಂಗೈಯಲ್ಲಿ ಹುರಿ ಹೊಸೆಯುವಂತೆ ಹೊಸೆದು, ಮಾರುದ್ದದ ಹಗ್ಗಗಳನ್ನು ಮಾಡಿ, ಶಾಲೆಯ ಹಿತ್ತಿಲಿನ ತೊಂಡೆಯ ಚಪ್ಪರಕ್ಕೆ ಕಟ್ಟಿದ. ಮಳೆಗಾಲವೆಲ್ಲ ಅದು ಬಳ್ಳಿಯ ಭಾರವನ್ನು ಹೊತ್ತು ನಿಂತಿತು. ಈ ಬೇಸಗೆಯಲ್ಲಿ ಒಂದು ದಿನ ಕಾಯಿ ಕೊಯ್ಯಲು ಹೋದಾಗ ಮುಟ್ಟಿ ನೋಡಿದೆ. ಬಿಸಿಲು ಬೀಳುವ ಕಡೆಯ ಹಗ್ಗ ಬೆರಳು ತಾಕಿದೊಡನೆ ಪುಡಿಪುಡಿಯಾಗಿ ತೊಂಡೆಯ ಬುಡಕ್ಕೆ ಉದುರಿತು. ಮಾವಿನ ಮರದ ನೆರಳಿನಲ್ಲಿದ್ದ ಗಂಟುಗಳು ಮಾತ್ರ, ಕಟ್ಟಿದ ದಿನ ಎಷ್ಟು ಬಿಗಿಯಾಗಿದ್ದವೋ ಅಷ್ಟೇ ಬಿಗಿಯಾಗಿವೆ.